11,500 ರೂಪಾಯಿ ಕೋಳಿ ಗೂಡು, ಒಂದೂವರೆ ವರ್ಷ ಆದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ಗೂಡಿಗೆ ಐದಕ್ಕೆ ಎರಡೂವರೆ ಸ್ಟಾರ್, ಅದ್ರೊಳಗಿರೋ ಕೋಳಿಗಳಿಗೆ ನಾಲ್ಕೂವರೆ. ಕೋಳಿಗೆ ಅರ್ಧ ಸ್ಟಾರ್ ಕಟ್ ಆಗಿದ್ದು ನಮ್ಮ ಕರಿಬೇವಿನ ಗಿಡದ ಲೆಕ್ಕದಲ್ಲಿ, ಅದನ್ನ ಆಮೇಲೆ ಹೇಳ್ತೀನಿ.

ನಮ್ಮನೆ ತುಮಕೂರು ಊರಾಚೆ ಒಂದು ಲೇಔಟಲ್ಲಿ. 30-40 ಸೈಟಲ್ಲಿ ಮನೆ, ಹಿಂದೆ ಒಂಚೂರು ಜಾಗ, ಎರಡು ತೆಂಗಿನ ಮರ, ಒಂದು ನುಗ್ಗೆ, ಬಟ್ಟೆ ಒಗೆಯೋ ಕಲ್ಲು. ಕೋಳಿ ಸಾಕೋಣ ಅಂತ ಹಟ ಹಿಡಿದಿದ್ದು ಮಗಳು, ಒಪ್ಪಿದ್ದು ನಾನು, ಗೂಡು ಆರ್ಡರ್ ಮಾಡಿದ್ದು ನಮ್ಮನೆಯವ್ರು, ಅದೂ ರಾತ್ರಿ ಹನ್ನೊಂದು ಗಂಟೇಲಿ ಮೊಬೈಲಲ್ಲಿ ಫೋಟೋ ನೋಡಿ. ಫೋಟೋದಲ್ಲಿ ಹಸಿರು ಹುಲ್ಲು, ಬಿಳೀ ಕೋಳಿ, ನಗ್ತಾ ಇರೋ ಮಗು. "ಹತ್ತು ಕೋಳಿಗೆ ಆರಾಮ, ಜೋಡಿಸೋದು ಸುಲಭ, ತುಕ್ಕು ಹಿಡಿಯಲ್ಲ, ಕಾಡುಪ್ರಾಣಿ ನುಗ್ಗಲ್ಲ" ಅಂತ ನಾಲ್ಕು ಮಾತು. ಅದ್ರಲ್ಲಿ ನಿಜ ಆಗಿದ್ದು ತುಕ್ಕಿಂದು ಒಂದೇ. ಮಾರಿದವರ ಹೆಸರು ಹೇಳಲ್ಲ, ಇದೇ ಮಾಡೆಲ್ಲು ನಾಲ್ಕೈದು ಹೆಸರಲ್ಲಿ ಓಡಾಡ್ತಿದೆ, ಪೌಡರ್ ಕೋಟಿಂಗ್ ಮಾಡಿರೋ ಕಬ್ಬಿಣದ ಫ್ರೇಮು, ಸುತ್ತ ಜಾಲರಿ, ಮೇಲೆ ಶೀಟು, ಕೆಳಗೆ ಎಳೆಯೋ ಟ್ರೇ, ನೋಡಿದ ತಕ್ಷಣ ಗೊತ್ತಾಗುತ್ತೆ.

ಬಂದಿದ್ದು ನಾಲ್ಕಡಿ ಉದ್ದ ಎರಡಡಿ ಅಗಲದ ಒಂದು ದಪ್ಪ ರಟ್ಟಿನ ಡಬ್ಬದಲ್ಲಿ. ಈ ಡಬ್ಬ ನೆನಪಿಟ್ಕೊಳ್ಳಿ. ಒಳಗೆ ಬೋಲ್ಟು, ನಟ್ಟು, ಒಂದು ಪುಟಾಣಿ ಸ್ಪ್ಯಾನರ್, ಒಂದು ಹಾಳೆ. ಹಾಳೇಲಿ ಚಿತ್ರ ಬಿಟ್ರೆ ಅಕ್ಷರ ಇಲ್ಲ. ಭಾನುವಾರ ಬೆಳಗ್ಗೆ ಹತ್ತಕ್ಕೆ ಕೂತವರು ಮಧ್ಯಾಹ್ನ ಮೂರಕ್ಕೆ ಎದ್ರು, ಎರಡು ಬೋಲ್ಟು ಕಮ್ಮಿ, ಒಂದು ಬಾಗಿಲು ತಲೆಕೆಳಗು. ಕೊನೆಗೆ ನಮ್ಮ ಬೀದಿ ಮೂಲೆ ವೆಲ್ಡಿಂಗ್ ಶಾಪ್ ಹುಡುಗನೇ ಬಂದು ಸರಿ ಮಾಡಿಕೊಟ್ಟ, 200 ರೂಪಾಯಿ ತಗೊಂಡ, ಹೋಗುವಾಗ "ಇದನ್ನ ನಾನು ಏಳು ಸಾವಿರಕ್ಕೆ ಇದಕ್ಕಿಂತ ಗಟ್ಟಿಯಾಗಿ ಮಾಡ್ಕೊಡ್ತಿದ್ದೆ ಅಕ್ಕಾ" ಅಂದ. ನಮ್ಮನೆಯವ್ರು ಆಮೇಲೆ ಎರಡು ದಿನ ಆ ಬೀದೀಲೇ ಓಡಾಡಲಿಲ್ಲ.

ಅತ್ತೆ ಗುಬ್ಬಿ ತಾಲ್ಲೂಕಿನ ಹಳ್ಳಿಯವರು, ಹುಟ್ಟಿದಾಗಿಂದ ಕೋಳಿ ಕಂಡವರು. ಬಂದು ಗೂಡಿನ ಸುತ್ತ ಒಂದ್ ರೌಂಡ್ ಹಾಕಿದ್ರು, ಜಾಲರಿಗೆ ಬೆರಳು ತೂರಿಸಿ ನೋಡಿದ್ರು. "ಯಾಕವ್ವಾ, ಗಿಣಿ ಸಾಕಕ್ಕೆ ತಂದ್ರಾ?" ಅಂದ್ರು. ನಾನು "ಹತ್ತು ಕೋಳಿ ಹಿಡಿಸುತ್ತಂತೆ ಅತ್ತೆ" ಅಂದೆ. "ಹಿಡಿಸುತ್ತೆ ಬಿಡು, ಹಬ್ಬದ್ ದಿನ ಬಸ್ಸಲ್ಲಿ ಜನ ಹಿಡಿಸಲ್ವಾ ಹಂಗೆ" ಅಂದ್ರು.

ಸರಿ, ಲೆಕ್ಕಕ್ಕೆ ಬರೋಣ. ಗೂಡಿನ ನೆಲ ನಾಲ್ಕಡಿಗೆ ಮೂರಡಿ, ಅಂದ್ರೆ 12 ಚದರಡಿ. ದೊಡ್ಡ ಜಾತಿ ಮೊಟ್ಟೆ ಕೋಳಿಗೆ ತಲೆಗೆ ಎರಡು ಚದರಡಿ ಆದ್ರೂ ಬೇಕು, ಅದೂ ಹಗಲು ಹೊರಗೆ ಬಿಡೋದಾದ್ರೆ. ಆ ಪ್ರಕಾರ ಇದು ಆರು ಕೋಳಿ ಗೂಡು. ಹತ್ತು ಅಂದ್ರೆ ತಲೆಗೆ ಒಂದು ಚದರಡಿ ಚಿಲ್ಲರೆ, ಹಿತ್ತಲಲ್ಲಿ ಸಾಕೋರಿಗೆ ಆ ಲೆಕ್ಕ ಹಾಕಿ ಮಾರೋದು ಮೋಸ ಅಂತಲೇ ನಾನು ಹೇಳೋದು. ಜಾಗ ಇಕ್ಕಟ್ಟಾದ್ರೆ ಒಂದಕ್ಕೊಂದು ಕುಕ್ಕೋಕೆ ಶುರು ಮಾಡ್ತವೆ, ಬಾಲದ ಹತ್ರ ಒಂದ್ಸಲ ರಕ್ತ ಕಂಡ್ರೆ ಮುಗೀತು, ಎಲ್ಲಾ ಸೇರ್ಕೊಂಡು ಅದೇ ಜಾಗಕ್ಕೆ ಕುಕ್ತವೆ.

ಇನ್ನು ಮರಿ. ನಾಟಿ ಮರಿ ತರೋಣ ಅಂದ್ರೆ ಅದು ವರ್ಷಕ್ಕೆ ಅರವತ್ತೋ ಎಂಭತ್ತೋ ಇಟ್ಟು ಮಧ್ಯೆ ಮಧ್ಯೆ ಕಾವಿಗೆ ಕೂತ್ಬಿಡುತ್ತೆ, ನಮಗೆ ಬೇಕಿದ್ದಿದ್ದು ದಿನಾ ಮೊಟ್ಟೆ. ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಮರಿ ಕೊಡ್ತಾರೆ ಅಂತ ಗೊತ್ತಿತ್ತು. 1989ರಲ್ಲಿ ಗಿರಿರಾಜ ತಳಿ ಬಂದಿದ್ದು ಅಲ್ಲಿಂದಲೇ, ನಮ್ಮೂರ ಕಡೆ ಬಣ್ಣದ ದಪ್ಪ ಕೋಳಿ ಯಾವುದು ಕಂಡ್ರೂ ಜನ ಈಗಲೂ "ಗಿರಿರಾಜ" ಅಂತಾನೇ ಕರೀತಾರೆ. 2005ರಲ್ಲಿ ಅದೇ ಜಾಗದಿಂದ ಸ್ವರ್ಣಧಾರ ಬಂತು, ಗಿರಿರಾಜಗಿಂತ ಮೊಟ್ಟೆ ಜಾಸ್ತಿ, ವರ್ಷಕ್ಕೆ 180ರಿಂದ 190 ಅಂತ ಹೇಳ್ತಾರೆ. ನಾವು ತಗೊಂಡಿದ್ದು ಸ್ವರ್ಣಧಾರ. ಫೋನ್ ಮಾಡಿ ಬುಕ್ ಮಾಡಿ, ಹೇಳಿದ ದಿನ ಹೋಗಿ ತರಬೇಕು. ಬಸ್ಸಲ್ಲಿ ಹೋದ್ರೆ ಕಂಡಕ್ಟರ್ ಮರಿಗೂ ಟಿಕೆಟ್ ಹರಿದಾರು ಅಂತ ಕಾರಲ್ಲೇ ಹೋದ್ವಿ, ಹದಿನೈದು ಮರಿ, ತೂತು ಮಾಡಿರೋ ಡಬ್ಬ, ಮಗಳ ತೊಡೆ ಮೇಲೆ, ದಾಬಸ್ ಪೇಟೆವರೆಗೂ ಚಿಂವ್ ಚಿಂವ್, ಆಮೇಲೆ ಎಲ್ಲಾ ನಿದ್ದೆ, ಮಗಳೂ ಸೇರಿ.

ಒಂದ್ ದಿನದ ಮರಿ ಸಾಕೋದು ಮಗು ಸಾಕಿದಂಗೆ. ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಎರಡ್ಮೂರು ಡಿಗ್ರಿ ಇಳಿಸ್ತಾ ಹೋಗಬೇಕು. ಬಲ್ಬ್ ಹಾಕಿ ಅಂತ ಎಲ್ಲರೂ ಹೇಳ್ತಾರೆ, ಎಲ್ಲರ ಮನೇಲೂ ಈಗ ಇರೋದು ಎಲ್ಇಡಿ, ಅದರಲ್ಲಿ ಬೆಳಕು ಬರುತ್ತೆ, ಬಿಸಿ ಎಲ್ಲಿಂದ ಬರಬೇಕು? ಹಳೇ ಕಾಲದ 60 ವ್ಯಾಟ್ ಗುಂಡು ಬಲ್ಬಿಗೆ ಮೂರು ಎಲೆಕ್ಟ್ರಿಕ್ ಅಂಗಡಿ ಅಲೆದೆ, ಒಬ್ಬರು "ದೇವರ ಮನೆಗಾ ಮೇಡಂ?" ಅಂತ ಕೇಳಿದ್ರು. ಥರ್ಮಾಮೀಟರ್ ಬೇಕಿಲ್ಲ, ಮರಿ ನೋಡಿದ್ರೆ ಸಾಕು. ಬಲ್ಬ್ ಕೆಳಗೆ ಒಂದ್ರ ಮೇಲೊಂದು ಬಿದ್ದಿದ್ರೆ ಚಳಿ, ಗೋಡೆಗಂಟಿ ಬಾಯಿ ತೆಗೆದಿದ್ರೆ ಸೆಖೆ, ಹರಡಿಕೊಂಡು ಕಾಳು ಹೆಕ್ಕುತಾ ಇದ್ರೆ ಸರಿಯಾಗಿದೆ ಅಂತ. ನೆಲಕ್ಕೆ ಭತ್ತದ ಹೊಟ್ಟು, ಅದ್ರ ಮೇಲೆ ಎರಡ್ಮೂರು ದಿನ ಪೇಪರು, ಇಲ್ಲ ಅಂದ್ರೆ ಹೊಟ್ಟನ್ನೇ ತಿಂತವೆ. ಬಂದ ತಕ್ಷಣ ಬೆಲ್ಲದ ನೀರು. ಅತ್ತೆ ಎರಡನೇ ವಾರ ಎಲ್ಲಿಂದಲೋ ಒಂದು ಮಡಕೆ ತುಂಬಾ ಗೆದ್ದಲು ಹಿಡ್ಕೊಂಡು ಬಂದು ಸುರಿದ್ರು, ಮರಿಗಳು ಹುಚ್ಚೆದ್ದು ಬಿದ್ವು, ನಮ್ಮನೆಯವ್ರು ಒಂದು ತಿಂಗಳು ಬಾಗಿಲ ಚೌಕಟ್ಟು ತಟ್ಟಿ ತಟ್ಟಿ ನೋಡ್ತಿದ್ರು ಗೆದ್ದಲು ಹತ್ತಿದೆಯಾ ಅಂತ.

ಮೂರು ಮರಿ ಮೊದಲ ಹತ್ತು ದಿನದಲ್ಲೇ ಹೋದ್ವು. ಹನ್ನೆರಡು ಉಳಿದ್ವು. ಅದ್ರಲ್ಲಿ ಐದು ಹುಂಜ, ಏಳು ಹೇಂಟೆ. ಮರಿ ಕೊಡುವಾಗ ಗಂಡು ಹೆಣ್ಣು ನೋಡಿ ಕೊಡಲ್ಲ, ಅರ್ಧಕ್ಕರ್ಧ ಅಂತ ಅಂದುಕೊಂಡೇ ತರಬೇಕು. ಎಂಟು ವಾರಕ್ಕೆ ಜುಟ್ಟು ಕೆಂಪಾಗಿ ಕಾಲು ದಪ್ಪ ಆದಾಗ ಗೊತ್ತಾಗುತ್ತೆ. ಹುಂಜಗಳು ಕೂಗು ಕಲಿಯೋಕೆ ಶುರು ಮಾಡಿದ್ವು ನೋಡಿ, ಹುಡುಗರಿಗೆ ಗಂಟಲು ಒಡೆದಂಗೆ ಬೆಳಗಿನ ಜಾವ ನಾಲ್ಕಕ್ಕೆ ಗೊರ ಗೊರ. ಎದುರು ಮನೆ ಅಂಕಲ್ಲು ವಾಕಿಂಗ್ ಹೋಗುವಾಗ ನಿಂತು "ಏನಮ್ಮ, ಅಲಾರಂ ಕೆಟ್ಟಿದೆಯಾ?" ಅಂದ್ರು. ಮೊಟ್ಟೆಗೆ ಹುಂಜ ಬೇಕೇ ಬೇಕು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಬೇಕಿಲ್ಲ, ಮರಿ ಮಾಡ್ಸೋಕೆ ಮಾತ್ರ ಬೇಕು. ಪಿತೃಪಕ್ಷಕ್ಕೆ ಎರಡು, ಆಯುಧಪೂಜೆ ಆದ್ಮೇಲೆ ಎರಡು, ಉಳಿದ ಒಂದು ಅತ್ತೆ ಜೊತೆ ಊರಿಗೆ ಹೋಯ್ತು. ಮಗಳು ಪಿತೃಪಕ್ಷದ ದಿನ ಊಟ ಮಾಡಲಿಲ್ಲ, ಆಯುಧಪೂಜೆ ಹೊತ್ತಿಗೆ ಎರಡು ತುತ್ತು ಮುದ್ದೆ ಜಾಸ್ತಿನೇ ನುಂಗಿದ್ಲು.

ಲಸಿಕೆ ವಿಷಯ ಒಂದ್ ಮಾತು, ಇದನ್ನ ಗೂಡು ಮಾರೋರು ಯಾರೂ ಹೇಳಲ್ಲ. ಕೊಕ್ಕರೆ ರೋಗ (ರಾಣಿಖೇತ್) ಬಂದ್ರೆ ಗೂಡಿಗೆ ಗೂಡೇ ಖಾಲಿ, ಅದಕ್ಕೆ ಔಷಧಿ ಇಲ್ಲ, ಲಸಿಕೆ ಒಂದೇ. ಏಳನೇ ದಿನ ಅದಕ್ಕೆ ಲಸೋಟ ಅನ್ನೋ ಲಸಿಕೆ ಕಣ್ಣಿಗೊಂದು ತೊಟ್ಟು, ಹದಿನಾಲ್ಕಕ್ಕೆ ಗಂಬೋರೋ ಅನ್ನೋ ಇನ್ನೊಂದು ಮರಿ ರೋಗದ್ದು, ಇಪ್ಪತ್ತೆಂಟಕ್ಕೆ ಮತ್ತೆ ಲಸೋಟ, ಎಂಟು ವಾರಕ್ಕೆ ಕೊಕ್ಕರೆ ರೋಗಕ್ಕೇ ಆರ್2ಬಿ ಅನ್ನೋ ಇಂಜೆಕ್ಷನ್ನು. ತೊಂದ್ರೆ ಏನು ಅಂದ್ರೆ ನಮಗೆ ಸಿಕ್ಕ ಚಿಕ್ಕ ಬಾಟ್ಲೇ ನೂರು ಕೋಳಿಗೆ ಆಗೋವಷ್ಟು, ನಮ್ಮ ಹತ್ರ ಇರೋದು ಹದಿನೈದು, ಬಾಟ್ಲಿ ಕಲಸಿದ್ಮೇಲೆ ಒಂದೆರಡು ಗಂಟೇಲಿ ಮುಗಿಸ್ಬೇಕು, ಅಲ್ಲೀವರೆಗೂ ಐಸಲ್ಲೇ ಇರಬೇಕು. ನಾನು ಕಾಫಿ ಫ್ಲಾಸ್ಕಿಗೆ ಐಸ್ ಹಾಕ್ಕೊಂಡು ತಂದೆ, ಉಳಿದಿದ್ದು ಚೆಲ್ಲೋಕೆ ಮನಸ್ಸು ಬರದೆ ಲೇಔಟಿನ ಆ ಕಡೆ ತೋಟದ ಮನೆಯವರಿಗೆ ಹೇಳಿದೆ, ಅವರ ನಾಟಿ ಕೋಳಿ ಮೂವತ್ತು, ಮರದ ಮೇಲಿದ್ದಿದ್ದೆಲ್ಲಾ ಹಿಡಿದು ಹಿಡಿದು ಕಣ್ಣಿಗೆ ತೊಟ್ಟು ಬಿಟ್ವಿ. ಅವತ್ತಿಂದ ಅವರು ವಾರಕ್ಕೊಂದ್ಸಲ ಸೊಪ್ಪು ಕಳಿಸ್ತಾರೆ.

ಈಗ ಗೂಡಿನ ದೋಷಗಳಿಗೆ ಬರ್ತೀನಿ, ದೊಡ್ಡದೇ ಪಟ್ಟಿ.

ಒಳಗೆ ಕೋಳಿ ಕೂರೋಕೆ ಅಂತ ಮುಕ್ಕಾಲು ಇಂಚಿನ ಕಬ್ಬಿಣದ ಪೈಪು ಕೊಟ್ಟಿದಾರೆ. ಸ್ವರ್ಣಧಾರ ಹೇಂಟೆ ಬೆಳೆದ್ರೆ ಮೂರು ಕೆಜಿ ಹತ್ರ ತೂಗುತ್ತೆ, ಅಷ್ಟು ಭಾರ ಹೊತ್ಕೊಂಡು ನುಣ್ಣಗಿರೋ ಸಣ್ಣ ಪೈಪ್ ಮೇಲೆ ರಾತ್ರಿಯೆಲ್ಲಾ ಹೇಗೆ ಕೂತ್ಕೊಳ್ಳುತ್ತೆ? ಜಾರಿ ಬೀಳ್ತಿದ್ವು. ನೆಲನೂ ತಂತಿ ಜಾಲರಿ. ನಾಲ್ಕು ತಿಂಗಳಿಗೆ ಒಂದು ಕೋಳಿ ಕುಂಟೋಕೆ ಶುರು ಮಾಡ್ತು, ಎತ್ತಿ ನೋಡಿದ್ರೆ ಪಾದದ ಅಡಿ ಊದ್ಕೊಂಡು ಮಧ್ಯೆ ಕಪ್ಪು ಗಂಟು. ಉಪ್ಪು ನೀರಲ್ಲಿ ನೆನೆಸಿ, ಅರಿಶಿನ ಹಚ್ಚಿ, ಪಶು ಆಸ್ಪತ್ರೆ ಡಾಕ್ಟ್ರು ಕೊಟ್ಟ ಮುಲಾಮು ಹಾಕಿ ಮೂರು ವಾರಕ್ಕೆ ವಾಸಿ ಆಯ್ತು. ಆಮೇಲೆ ಪೈಪ್ ತೆಗೆದು ಸರ್ವೆ ಮರದ ಎರಡಿಂಚು ದಪ್ಪದ ಗಳ ಹಾಕಿದ್ವಿ, ನೆಲದ ಅರ್ಧ ಭಾಗಕ್ಕೆ ಹಲಗೆ ಹಾಸಿ ಹೊಟ್ಟು ಸುರಿದ್ವಿ. ಅದಾದ್ಮೇಲೆ ಪಾದದ ಕಂಪ್ಲೇಂಟೇ ಇಲ್ಲ.

ಮೇಲಿನ ಶೀಟು. ತುಮಕೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಆ ಶೀಟ್ ಮೇಲೆ ಕೈ ಇಡೋಕಾಗ್ತಿರಲಿಲ್ಲ, ಒಳಗೆ ಒಲೆ. ಕೋಳಿಗೆ ಬೆವರೋದಿಲ್ಲ, ಬಾಯಿ ತೆಗೆದು ಏದುಸಿರು ಬಿಡೋದೇ ಮುಖ್ಯ ದಾರಿ, ರೆಕ್ಕೆ ಎತ್ಕೊಂಡು ಗಂಟಲು ಪಟ ಪಟ ಅಂತ ಕುಣಿಸ್ತಾ ನಿಂತಿರೋವು, ನೋಡೋಕಾಗಲ್ಲ. ಮೇವು ಬಿಟ್ಟುಬಿಟ್ವು, ಮೊಟ್ಟೆ ಆರಿಂದ ಎರಡಕ್ಕಿಳೀತು, ಆ ಎರಡೂ ಸಿಪ್ಪೆ ತೆಳ್ಳಗೆ, ಮುಟ್ಟಿದ್ರೆ ಒಡೆಯೋ ಥರ. ಶೀಟ್ ಮೇಲೆ ತೆಂಗಿನ ಗರಿ ಎರಡು ಪದರ ಹೊದಿಸಿ, ಪಡುವಣ ಕಡೆ ಗೋಣಿಚೀಲ ಕಟ್ಟಿ ಮಧ್ಯಾಹ್ನ ಎರಡು ಸಲ ನೀರು ಚಿಮುಕಿಸ್ತಿದ್ದೆ, ಕುಡಿಯೋ ನೀರನ್ನ ಪ್ಲಾಸ್ಟಿಕ್ ಡ್ರಿಂಕರ್ ಬಿಟ್ಟು ಮಣ್ಣಿನ ತಟ್ಟೆಗೆ ಹಾಕಿದೆ. ಒಂದು ವಾರದಲ್ಲಿ ನಾಲ್ಕು ಮೊಟ್ಟೆಗೆ ಬಂತು. ಫೋಟೋದಲ್ಲಿ ಮಿರ ಮಿರ ಅಂತಿದ್ದ ಗೂಡು ಈಗ ತೋಟದ ಗುಡಿಸಲ ಥರ ಇದೆ, ಅತ್ತೆಗೆ ಈಗ್ಲೇ ಅದು ಕೋಳಿ ಗೂಡಿನ ಥರ ಕಾಣೋದಂತೆ.

ಆದ್ರೆ ನನಗೆ ಹೊಟ್ಟೆ ಉರಿಸಿದ್ದು ಜಾಲರಿ. "ಕಾಡುಪ್ರಾಣಿ ನುಗ್ಗಲ್ಲ" ಅಂತ ಬರೆದಿದ್ರಲ್ಲ, ನುಗ್ಗೋದೇ ಬೇಕಿಲ್ಲ. ಕೆಳಗಿನ ಒಂದಡಿ ಜಾಗದಲ್ಲಿ ಜಾಲರಿ ಕಣ್ಣು ಎರಡಿಂಚು ಅಗಲ. ಫೆಬ್ರವರೀಲಿ ಒಂದಿನ ರಾತ್ರಿ ಎರಡು ಗಂಟೆ ಇರಬೇಕು, ಹಿತ್ತಲಲ್ಲಿ ಗಲಾಟೆ, ಟಾರ್ಚ್ ಹಿಡ್ಕೊಂಡು ಓಡಿದ್ರೆ ಆರು ಕೋಳಿ ಒಂದು ಮೂಲೇಲಿ ಅಮುಕಿಕೊಂಡು ನಿಂತಿವೆ, ಏಳನೇದು ಜಾಲರಿಗಂಟಿ ಬಿದ್ದಿದೆ, ಕುತ್ತಿಗೆ ಹೊರಗೆ, ಮೈ ಒಳಗೆ. ಕಾಂಪೌಂಡ್ ಮೇಲೆ ಎರಡು ಕಣ್ಣು ಹೊಳೆದು ಮಾಯ. ನಮ್ಮನೆಯವ್ರು ಮುಂಗುಸಿ ಅಂದ್ರು. ಅತ್ತೆ ಫೋನಲ್ಲೇ "ಮುಂಗ್ಸಿ ರಾತ್ರಿ ಹೊತ್ತು ಎಲ್ಲಿ ತಿರುಗ್ತದೆ, ಕಾಡುಬೆಕ್ಕೇ ಅದು, ಒಂದ್ಸಲ ರುಚಿ ಹತ್ತಿದ್ಮೇಲೆ ನಾಳೆನೂ ಬತ್ತದೆ ನೋಡು" ಅಂದ್ರು. ಮಾರನೇ ರಾತ್ರಿ ಬಂತು. ಅಷ್ಟೊತ್ತಿಗೆ ನಾವು ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ವೆಲ್ಡ್ ಮೆಶ್ ತಂದು ಸುತ್ತ ಬಿಗಿದಾಗಿತ್ತು, ಬಾಗಿಲ ಕೊಂಡಿಗೆ ಸೈಕಲ್ ಲಾಕ್ ಹಾಕಾಗಿತ್ತು. ಮೆಶ್, ತಂತಿ, ಕೂಲಿ ಸೇರಿ 1,900.

ಸತ್ತ ಕೋಳಿ ಮಗಳು "ಬೆಲ್ಲಿ" ಅಂತ ಹೆಸರಿಟ್ಟಿದ್ದು. ನುಗ್ಗೆ ಮರದ ಬುಡದಲ್ಲಿ ಮಣ್ಣು ಮಾಡಿದ್ವಿ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಮೂರು ದಿನ ಆದ್ಮೇಲೆ ಉತ್ತರ ಬಂತು, ಗ್ಯಾರಂಟಿ ಬಣ್ಣಕ್ಕೆ ಮಾತ್ರ ಅಂತೆ, ಸಾಕುಪ್ರಾಣಿಯ ಸಾವಿಗೆ ಕಂಪನಿ ಹೊಣೆ ಅಲ್ವಂತೆ, ಬೇಕಿದ್ರೆ "ಪ್ರೀಮಿಯಂ ಸೇಫ್ಟಿ ಕಿಟ್" 2,499ಕ್ಕೆ ತಗೋಬಹುದಂತೆ. ಕಿಟ್ ಏನು ಅಂತ ನೋಡಿದ್ರೆ ಅದೇ ಅರ್ಧ ಇಂಚಿನ ಮೆಶ್ಶು. ಅಂದ್ರೆ ಇದು ಸಾಲದು ಅಂತ ಅವರಿಗೇ ಗೊತ್ತಿತ್ತು! ಎರಡೂವರೆ ಸ್ಟಾರ್ ಕೊಟ್ಟಿರೋದೇ ಜಾಸ್ತಿ ಅನ್ಸುತ್ತೆ ಇದನ್ನ ನೆನೆಸಿಕೊಂಡಾಗ.

ಒಳ್ಳೇದೂ ಹೇಳ್ಬೇಕಲ್ಲ. ಟ್ರೇ ಚೆನ್ನಾಗಿದೆ. ದಿನಾ ಬೆಳಗ್ಗೆ ಎಳೆದು ಹಿಕ್ಕೆ ಸುರಿದು ಒಂದು ಹಿಡಿ ಬೂದಿ ಎರಚಿ ತಳ್ಳಿದ್ರೆ ಐದು ನಿಮಿಷದ ಕೆಲಸ, ವಾಸನೆ ಇಲ್ಲ, ನೊಣ ಇಲ್ಲ. ಮಳೆಗಾಲದಲ್ಲಿ ಮಾತ್ರ ಸುಳ್ಳು, ಆಗ ದಿನಕ್ಕೆರಡು ಸಲ ಎಳೀಬೇಕು. ಬಣ್ಣ ಇನ್ನೂ ಹಾಗೇ ಇದೆ, ಎರಡು ಮಳೆಗಾಲ ಕಂಡಿದೆ, ತುಕ್ಕು ಇಲ್ಲ. ಚಕ್ರ ಇದೆ, ಜಾಗ ಬದಲಾಯಿಸೋದು ಸುಲಭ. ಟ್ರೇಯಿಂದ ಬಂದ ಗೊಬ್ಬರನ್ನ ನಾನು ಹುಮ್ಮಸ್ಸಲ್ಲಿ ನೇರ ಕರಿಬೇವಿನ ಬುಡಕ್ಕೆ ಹಾಕಿದೆ, ಎಂಟು ವರ್ಷದ ಗಿಡ, ಹತ್ತು ದಿನದಲ್ಲಿ ಎಲೆ ಸುಟ್ಟು ಹೋಯ್ತು. ಕೋಳಿ ಗೊಬ್ಬರ ಬಲು ಬಿಸಿ, ಒಣಗಿದ ಎಲೆ ತೆಂಗಿನ ನಾರಿನ ಜೊತೆ ಎರಡ್ಮೂರು ತಿಂಗಳು ಕೊಳೆಸಿ ಹಾಕಬೇಕು. ಈಗ ಹಾಗೆ ಮಾಡ್ತೀನಿ, ತೆಂಗಿನ ಮರ ಎರಡೂ ಖುಷಿಯಾಗಿವೆ. ಕರಿಬೇವಿಗೆ ಮಾತ್ರ ಎದುರು ಮನೆಗೆ ಹೋಗ್ತೀನಿ, ಅಲಾರಂ ಅಂಕಲ್ ಮನೆಗೇನೇ.

ಮೊಟ್ಟೆ ಮೊದಲು ಕಂಡಿದ್ದು ನವೆಂಬರ್ ಕೊನೇಲಿ, ಮರಿಗೆ ಇಪ್ಪತ್ತೆರಡು ವಾರ ಆಗಿತ್ತು. ಅದಕ್ಕೆ ನಾಲ್ಕು ದಿನ ಮುಂಚಿಂದಲೇ ಒಂದು ಕೋಳಿ ಹತ್ರ ಹೋದ್ರೆ ರೆಕ್ಕೆ ಅಗಲಿಸಿ ಕೂರ್ತಿತ್ತು, ಜುಟ್ಟು ದಾಸವಾಳದಂಗೆ ಕೆಂಪಾಗಿತ್ತು. ಮೊದಲನೇದು ಪುಟಾಣಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ತಿಳಿ ಕಂದು, ಮೇಲೆ ಒಂದು ಗೆರೆ ರಕ್ತ. ಒಂದು ತಿಂಗಳಿಗೆ 55 ಗ್ರಾಂ ದಾಟ್ತು, ಅಡುಗೆಮನೆ ತಕ್ಕಡೀಲಿ ತೂಗಿದೀನಿ.

ಎಲ್ಲಿ ಸಿಕ್ತು ಅನ್ನೋದು ಮಜಾ. ಗೂಡಲ್ಲಿ ಮೊಟ್ಟೆ ಇಡೋಕೆ ಅಂತ ಪಕ್ಕದಲ್ಲಿ ಒಂದು ಪೆಟ್ಟಿಗೆ ಕೊಟ್ಟಿದಾರೆ, ಎರಡು ಖಾನೆ, ಮೇಲೆ ಮುಚ್ಚಳ, ಹೊರಗಿಂದಲೇ ಮೊಟ್ಟೆ ತೆಗೀಬಹುದು, ಜಾಹೀರಾತಲ್ಲಿ ಅದೇ ದೊಡ್ಡ ಹೈಲೈಟು. ಒಂದು ಕೋಳಿನೂ ಅದ್ರ ಮುಖ ನೋಡಲಿಲ್ಲ. ನಾವು ಆ ಗೂಡು ಬಂದಿದ್ದ ರಟ್ಟಿನ ಡಬ್ಬನ ಮೆಟ್ಟಿಲ ಕೆಳಗೆ ಎಸೆದಿದ್ವಿ, ಅಡ್ಡಡ್ಡ ಬಿದ್ದಿತ್ತು, ಒಂದು ಕಡೆ ಬಾಯಿ ತೆರೆದಿತ್ತು. ಮಗಳು ಶಟಲ್ ಕಾಕ್ ಹುಡುಕೋಕೆ ಹೋಗಿ ಕಿರುಚಿದ್ಲು. ಡಬ್ಬದ ಕೊನೇಲಿ ಥರ್ಮಾಕೋಲ್ ಚೂರುಗಳ ಮಧ್ಯೆ ಮೂರು ಮೊಟ್ಟೆ.

ಆಮೇಲೆ ಯೋಚಿಸಿದ್ರೆ ಗೊತ್ತಾಯ್ತು. ಕೋಳಿಗೆ ಮೊಟ್ಟೆ ಇಡೋಕೆ ಕತ್ತಲೆ ಬೇಕು, ಇಕ್ಕಟ್ಟು ಬೇಕು, ಬೆನ್ನಿಗೆ ಆಸರೆ ಬೇಕು. ಕಂಪನಿ ಪೆಟ್ಟಿಗೆ ಬೆಳಕು, ಮೂರು ಕಡೆ ಜಾಲರಿ, ನೆಲ ನುಣ್ಣನೆ ಪ್ಲಾಸ್ಟಿಕ್ಕು, ಮೂರೂ ಇಲ್ಲ. ಡಬ್ಬದಲ್ಲಿ ಮೂರೂ ಇತ್ತು. ಗೂಡಿನ ಪೆಟ್ಟಿಗೆಗೆ ಒಣಹುಲ್ಲು ಹಾಕಿ, ಗೋಣಿ ಪರದೆ ಕಟ್ಟಿ, ಅತ್ತೆ ಹೇಳ್ದಂಗೆ ಒಂದು ಮೊಟ್ಟೆ ಅಲ್ಲೇ ಬಿಟ್ಟು ನೋಡಿದೆ, ಆಮೇಲೆ ಟೇಬಲ್ ಟೆನಿಸ್ ಬಾಲೂ ಇಟ್ಟೆ. ನಾಲ್ಕು ಕೋಳಿ ಒಪ್ಪಿದ್ವು, ಉಳಿದವು ಒಪ್ಪಲಿಲ್ಲ. ಕೋಳಿ ಕೇಳಿ ಮಸಾಲೆ ಅರೀತಾರಾ ಅಂತಾರಲ್ಲ, ಮಸಾಲೆಗೆ ಬೇಡ ಸ್ವಾಮಿ, ಗೂಡು ಮಾಡೋ ಮುಂಚೆ ಆದ್ರೂ ಒಂದ್ ಕೋಳಿನ ಕೇಳ್ಬೇಕಿತ್ತು ಇವರು.

ಒಂದು ವರ್ಷದ ಮೊಟ್ಟೆ ಲೆಕ್ಕ ಕ್ಯಾಲೆಂಡರಲ್ಲಿ ಬರೆದಿದೀನಿ, ದಿನಾ ಪೆನ್ನಲ್ಲಿ ಗೀಟು. ಒಟ್ಟು 1,031. ಫೆಬ್ರವರಿವರೆಗೂ ಏಳು ಕೋಳಿ, ಆಮೇಲೆ ಆರು. ತಲೆಗೆ ನೂರಾ ಎಪ್ಪತ್ತರ ಹತ್ರ ಬರುತ್ತೆ. ಬೇಸಿಗೆ ಹೊಡೆತ ಇಲ್ದಿದ್ರೆ ಹೇಳಿದ 180 ಮುಟ್ತಿತ್ತು, ಅದಕ್ಕೇ ಮೊಟ್ಟೆ ಲೆಕ್ಕದಲ್ಲಿ ಕೋಳಿಗೆ ಸ್ಟಾರ್ ಕಟ್ ಮಾಡಿಲ್ಲ. ಡಿಸೆಂಬರಲ್ಲಿ ಹಗಲು ಚಿಕ್ಕದಾದಾಗ ಸಂಜೆ ಆರಿಂದ ಒಂಬತ್ತರವರೆಗೂ ಒಂದು ಎಲ್ಇಡಿ ಬಲ್ಬ್ ಹಾಕಿದ್ದೆ, ಇಲ್ಲಿ ಎಲ್ಇಡಿ ಸಾಕು, ಬೇಕಾಗಿರೋದು ಬೆಳಕು, ಬಿಸಿ ಅಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಮೇಲೆ ಬೆಳಕಿದ್ರೆ ಇಡೋದು ನಿಲ್ಸಲ್ಲ.

ದುಡ್ಡಿನ ಲೆಕ್ಕ ಕೇಳೋರಿಗೆ. ಒಂದು ಕೋಳಿ ದಿನಕ್ಕೆ 110 ಗ್ರಾಂ ಹತ್ರ ತಿನ್ನುತ್ತೆ. ನಮ್ಮಲ್ಲಿ ಅದ್ರಲ್ಲಿ ಒಂದು ಭಾಗ ನುಗ್ಗೆಸೊಪ್ಪು, ಮುದ್ದೆ ಮಿಕ್ಕಿದ್ದು, ಅಕ್ಕಿ ನುಚ್ಚು, ತರಕಾರಿ ಸಿಪ್ಪೆಲೇ ನಡೆಯುತ್ತೆ, ಉಳಿದಿದ್ದು ಲೇಯರ್ ಫೀಡು, ಅಂದ್ರೆ ಮೊಟ್ಟೆ ಕೋಳಿ ಮೇವು. ವರ್ಷಕ್ಕೆ 50 ಕೆಜಿ ಮೂಟೆ ನಾಲ್ಕು ಆಯ್ತು, ಮೂಟೆಗೆ 1,850ರಂತೆ 7,400. ಮೊಟ್ಟೆಗೆ ಏಳು ರೂಪಾಯಿ ಚಿಲ್ಲರೆ. ಮರಿಯಿಂದ ಬೆಳೆಸುವಾಗ ತಿಂದ ಎರಡು ಮೂಟೆ, ಲಸಿಕೆ, ಗೂಡು ಇದ್ರಲ್ಲಿ ಸೇರಿಲ್ಲ, ಹುಂಜದ ಸಾರೂ ಸೇರಿಲ್ಲ. ಅಂಗಡೀಲಿ ಫಾರಂ ಮೊಟ್ಟೆನೂ ಹೆಚ್ಚುಕಮ್ಮಿ ಅಷ್ಟೇ ರೇಟು. ಉಳಿತಾಯ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರು ಕ್ಯಾಲೆಂಡರಲ್ಲಿ ಗೀಟು ಹಾಕಿಲ್ಲ ಅಂತರ್ಥ. ನಮ್ಮ ಲೇಔಟಲ್ಲಿ ಮೂರು ಮನೆಗೆ 12 ರೂಪಾಯಿಗೆ ಒಂದರಂತೆ ಕೊಡ್ತೀವಿ, ಹಾಗಾಗಿ ಫೀಡಿನ ದುಡ್ಡು ಹುಟ್ಟುತ್ತೆ. "ನಾಟಿ ಮೊಟ್ಟೆನಾ?" ಅಂತ ಕೇಳ್ತಾರೆ, ನಾಟಿ ಅಲ್ಲ ಅಂತಲೇ ಹೇಳ್ತೀನಿ, ಕಂದು ಸಿಪ್ಪೆ ಬರೋದು ತಳಿಯಿಂದ, ಅದು ಕಂಡ ತಕ್ಷಣ ನಾಟಿ ಅಂದ್ಕೊಳ್ಳೋದು ಬೇಡ. ಮೊಟ್ಟೆಯೊಳಗಿನ ಭಂಡಾರ ಮಾತ್ರ ಗಾಢ ಹಳದಿ, ಅದು ನುಗ್ಗೆಸೊಪ್ಪಿನ ಕೆಲಸ. ಸೊಪ್ಪು ಒಂದು ವಾರ ನಿಲ್ಸಿದ್ರೆ ಪೇಲವ ಆಗ್ತದೆ, ಪರೀಕ್ಷೆ ಮಾಡಿದೀನಿ.

ಸಿಪ್ಪೆ ತೆಳ್ಳಗಾದ್ರೆ ಕಪ್ಪೆಚಿಪ್ಪಿನ ಪುಡಿ ಒಂದು ಬಟ್ಟಲಲ್ಲಿ ಬೇರೇನೇ ಇಡಿ, ಬೇಕಾದಷ್ಟು ಅವೇ ತಿಂತವೆ. ಬಳಸಿದ ಮೊಟ್ಟೆ ಸಿಪ್ಪೆನೂ ಹುರಿದು ಪುಡಿ ಮಾಡಿ ಕೊಡಬಹುದು, ಹಾಗೇ ಹೋಳು ಹೋಳಾಗಿ ಹಾಕಿದ್ರೆ ಮೊಟ್ಟೆ ತಿನ್ನೋ ಚಟ ಹತ್ತುತ್ತೆ. ನಮ್ಮಲ್ಲೊಂದಕ್ಕೆ ಹತ್ತಿತ್ತು. ಎರಡು ವಾರ ನಾನು ಆಫೀಸಿಗೆ ಲೇಟಾಗಿ ಹೋದ್ರೂ ಪರವಾಗಿಲ್ಲ ಅಂತ ಕಾದು ಕೂತು ಇಟ್ಟ ತಕ್ಷಣ ಎತ್ಕೊಂಡೆ, ಆಮೇಲೆ ಬಿಡ್ತು.

ಯಾರು ತಗೋಬಹುದು ಅಂದ್ರೆ, ನಾಲ್ಕೋ ಆರೋ ಕೋಳಿ ಸಾಕು, ಬಾಡಿಗೆ ಮನೆ, ನಾಳೆ ಎತ್ಕೊಂಡು ಹೋಗಬೇಕು ಅನ್ನೋರು ತಗೊಳ್ಳಿ, ಮೆಶ್ಶು ಮತ್ತು ಮರದ ಗಳಕ್ಕೆ ಇನ್ನೆರಡು ಸಾವಿರ ಪಕ್ಕಕ್ಕಿಟ್ಟುಕೊಂಡು. ಸ್ವಂತ ಜಾಗ ಇರೋರು ನಿಮ್ಮ ಬೀದಿ ವೆಲ್ಡಿಂಗ್ ಶಾಪಿಗೆ ಹೋಗಿ ಅಳತೆ ಕೊಟ್ಟು ಮಾಡಿಸಿ, ಜಾಲರಿ ಅರ್ಧ ಇಂಚು, ಮೇಲೆ ಶೀಟಿನ ಬದಲು ಹೆಂಚು. ನಾಲ್ಕು ದಿನ ಊರಿಗೆ ಹೋದ್ರೆ ನೋಡ್ಕೊಳ್ಳೋರು ಯಾರೂ ಇಲ್ಲ ಅನ್ನೋರು ಎರಡೂ ಬೇಡ, ಅಂಗಡಿ ಮೊಟ್ಟೆ ತಿನ್ನಿ. ನಮಗೆ ಅತ್ತೆ ಇದಾರೆ. ಅವರು ಹೋದ ತಿಂಗಳು ಊರಿಂದ ಬರುವಾಗ ಕುಕ್ಕೇಲಿ ಒಂದು ನಾಟಿ ಹೇಂಟೆ ಮುಚ್ಕೊಂಡು ಬಂದ್ರು, ಈ ಸ್ವರ್ಣಧಾರಗಳು ಒಂದೂ ಕಾವಿಗೆ ಕೂರಲ್ಲ ಅಂತ ಅವರಿಗೆ ಮೊದಲಿಂದ ಬೇಜಾರು. ಊರಿಗೆ ಹೋದ ನಮ್ಮ ಹುಂಜದ್ದೇ ಹನ್ನೊಂದು ಮೊಟ್ಟೆ ಜೊತೇಲಿ ತಂದಿದ್ರು.

ಆ ನಾಟಿ ಕೋಳಿ ಬಂದ ಮಾರನೇ ದಿನವೇ ಗೂಡು ಬಿಟ್ಟು ಮೆಟ್ಟಿಲ ಕೆಳಗಿನ ಡಬ್ಬಕ್ಕೆ ಹೋಗಿ ಕೂತಿದೆ. ಅತ್ತೆ ಮೊಟ್ಟೆ ಅಲ್ಲೇ ಜೋಡಿಸಿದಾರೆ, ಇವತ್ತಿಗೆ ಹದಿನಾರು ದಿನ, ಇಪ್ಪತ್ತೊಂದಕ್ಕೆ ಮರಿ. ಹೋದ ವಾರದ ಮಳೆಗೆ ಡಬ್ಬದ ಒಂದು ಮೂಲೆ ನೆನೆದು ಕುಸೀತಾ ಇದೆ, ಈಗ ಅದನ್ನ ಅಲುಗಾಡಿಸೋ ಹಾಗೂ ಇಲ್ಲ, ಮೇಲೊಂದು ಟಾರ್ಪಾಲ್ ಹೊದಿಸಿ ನಾಲ್ಕು ಕಡೆ ಇಟ್ಟಿಗೆ ಇಟ್ಟಿದೀವಿ. ತುಮಕೂರಲ್ಲಿ ಯಾರಾದ್ರೂ ಇದೇ ಗೂಡು ತರಿಸಿದ್ರೆ ಡಬ್ಬ ಎಸೀಬೇಡಿ, ಹೇಳಿ, ನಾನೇ ಬಂದು ತಗೊಂಡ್ ಹೋಗ್ತೀನಿ, ಬದಲಿಗೆ ಅರ್ಧ ಡಜನ್ ಮೊಟ್ಟೆ.